ಕಸಿದ ಹೆಸರನ್ನು ಹಿಂದಿರುಗಿಸುವುದು ಹೇಗೆ?



ಕದ್ದ ವಸ್ತುವನ್ನು ಹಿಂದಿರುಗಿಸಬೇಕು ಎಂಬುದು ಧರ್ಮೋಪದೇಶ ತರಗತಿಯ ಮಕ್ಕಳಿಗೂ ಗೊತ್ತು. ಅಂಗಡಿಯಿಂದ ಐನೂರು ರೂಪಾಯಿ ಕದ್ದವನು ಪಾಪನಿವೇದನೆಗೆ ಬಂದರೆ, "ಹಿಂದಕ್ಕೆ ಕೊಟ್ಟೆಯಾ?" ಎಂದು ಗುರುಗಳು ಕೇಳಿಯೇ ಕೇಳುತ್ತಾರೆ. ಆದರೆ ಒಬ್ಬರ ಒಳ್ಳೆಯ ಹೆಸರನ್ನೇ ಕದ್ದರೆ? ಅದನ್ನು ಹಿಂದಿರುಗಿಸುವುದು ಹೇಗೆ? ಕದ್ದವನಿಗೆ ಆ ಹೊಣೆ ಇದೆಯೇ? ಅದರಲ್ಲೂ, ಹೆಸರು ಕೆಡಿಸುವುದೇ ಒಬ್ಬನ ಉದ್ಯೋಗವಾಗಿದ್ದರೆ?

ಈ ಪ್ರಶ್ನೆಯನ್ನು ಒಬ್ಬ ಅಮೆರಿಕನ್ನನ ಬದುಕಿನ ಮೂಲಕ ಬಿಡಿಸಿ ನೋಡೋಣ. ಆತನ ಹೆಸರು ಲೀ ಆಟ್‌ವಾಟರ್. 1951ರಲ್ಲಿ ಹುಟ್ಟಿದ ಈತ ಸೌತ್ ಕ್ಯಾರೊಲಿನಾ ರಾಜ್ಯದ ನ್ಯೂಬೆರಿ ಕಾಲೇಜಿನಲ್ಲಿ ಓದುವಾಗಲೇ ರಿಪಬ್ಲಿಕನ್ ಪಕ್ಷದ ವಿದ್ಯಾರ್ಥಿ ಸಂಘಟನೆಗೆ ಸೇರಿದ. 1973ರಲ್ಲಿ ಆ ಸಂಘಟನೆಯ ರಾಷ್ಟ್ರೀಯ ಅಧ್ಯಕ್ಷ ಸ್ಥಾನಕ್ಕೆ ಕಾರ್ಲ್ ರೋವ್ ಎಂಬ ಯುವಕ ಸ್ಪರ್ಧಿಸಿದಾಗ ಆಟ್‌ವಾಟರ್ ಅವನ ಬಲಗೈಯಾಗಿ ನಿಂತ. ಇಬ್ಬರೂ ಒಂದು ಸಣ್ಣ ಕಾರಿನಲ್ಲಿ ದಕ್ಷಿಣದ ರಾಜ್ಯಗಳನ್ನು ಸುತ್ತಿ ಬೆಂಬಲ ಕೂಡಿಸಿದರು. ಮಿಸೌರಿ ರಾಜ್ಯದಲ್ಲಿ ಸಮ್ಮೇಳನ ಸೇರಿದಾಗ ಪ್ರತಿನಿಧಿಗಳ ಅರ್ಹತೆಯ ಬಗ್ಗೆಯೇ ತಕರಾರು ಎದ್ದಿತು. ಕೊನೆಗೆ ಎರಡೂ ಕಡೆಯವರು ತಾವೇ ಗೆದ್ದೆವೆಂದು ಘೋಷಿಸಿಕೊಂಡರು. ವ್ಯಾಜ್ಯ ಪಕ್ಷದ ಅಂದಿನ ರಾಷ್ಟ್ರೀಯ ಅಧ್ಯಕ್ಷ ಜಾರ್ಜ್ ಬುಷ್ ಅವರ ಮುಂದೆ ಹೋಗಿ, ತೀರ್ಪು ರೋವ್ ಪರವಾಗಿ ಬಂತು.

ವಿದ್ಯಾರ್ಥಿಗಳ ಹುಡುಗಾಟವೆಂದು ನಾವು ನಕ್ಕು ಬಿಡಬಹುದು. ಆದರೆ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಕಾಲೇಜಿನ ಅಂಗಳದಲ್ಲಿ ಕಲಿತದ್ದು ಬದುಕಿನ ಅಭ್ಯಾಸವಾಗುತ್ತದೆ. ಗೆಲುವೊಂದೇ ಮುಖ್ಯ, ದಾರಿ ಯಾವುದಾದರೇನು ಎಂಬ ಪಾಠ ಇಪ್ಪತ್ತೆರಡರ ಹರೆಯದಲ್ಲಿ ಮನಸ್ಸಿಗೆ ಇಳಿದರೆ ಅದನ್ನು ಮರೆಯುವುದು ಕಷ್ಟ.

ಆಟ್‌ವಾಟರ್ ರಾಜಕೀಯ ಸಲಹೆಗಾರನಾದ. ಇದು ಎಂಥ ಉದ್ಯೋಗ? ಓಟು ಕೇಳುವವನು ಅಭ್ಯರ್ಥಿ. ಹೇಗೆ ಕೇಳಬೇಕು, ಎದುರಾಳಿಯನ್ನು ಎಲ್ಲಿ ಚುಚ್ಚಬೇಕು ಎಂದು ಹೇಳಿಕೊಡುವವನು ಸಲಹೆಗಾರ. ಅವನ ಹೆಸರು ಮತಪತ್ರದಲ್ಲಿ ಇರುವುದಿಲ್ಲ. ಆದ್ದರಿಂದ ಜನರು ಅವನನ್ನು ಸೋಲಿಸಲಾರರು, ಅವನಿಂದ ಲೆಕ್ಕ ಕೇಳಲಾರರು. "ನಾನು ನನ್ನ ಕೆಲಸ ಮಾಡಿದೆ, ಅಷ್ಟೆ" ಎಂದು ಹೇಳಿಕೊಳ್ಳಲು ಇಷ್ಟು ಅನುಕೂಲವಾದ ಜಾಗ ಮತ್ತೊಂದಿಲ್ಲ.

1980ರಲ್ಲಿ ಸೌತ್ ಕ್ಯಾರೊಲಿನಾದ ಒಂದು ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಟಾಮ್ ಟರ್ನಿಪ್‌ಸೀಡ್ ಎಂಬವರು ಸ್ಪರ್ಧಿಸಿದ್ದರು. ಹದಿಹರೆಯದಲ್ಲಿ ಅವರಿಗೆ ಮನೋವ್ಯಾಕುಲತೆ ಕಾಡಿ, ವಿದ್ಯುತ್ ಶಾಕ್ ಚಿಕಿತ್ಸೆ ನೀಡಲಾಗಿತ್ತು. ಎದುರು ಪಕ್ಷದ ಪರವಾಗಿ ದುಡಿಯುತ್ತಿದ್ದ ಆಟ್‌ವಾಟರ್ ಈ ಸಂಗತಿಯನ್ನು ಪತ್ರಕರ್ತರ ಕಿವಿಗೆ ಹಾಕಿ, ಕಾರಿನ ಬ್ಯಾಟರಿಗೆ ತಂತಿ ಜೋಡಿಸುವುದಕ್ಕೆ ಹೋಲಿಸಿ ಗೇಲಿ ಮಾಡಿದ. ಟರ್ನಿಪ್‌ಸೀಡ್ ಸೋತರು.

ಇನ್ನು 1988ರ ಅಧ್ಯಕ್ಷ ಚುನಾವಣೆ. ಹದಿನೈದು ವರ್ಷಗಳ ಹಿಂದೆ ತೀರ್ಪಿತ್ತಿದ್ದ ಅದೇ ಬುಷ್ ಈಗ ಅಭ್ಯರ್ಥಿ. ಅವರ ಪ್ರಚಾರದ ಸಾರಥಿ ಆಟ್‌ವಾಟರ್. ಆ ಬೇಸಿಗೆಯ ಒಂದು ಸಮೀಕ್ಷೆಯಲ್ಲಿ ಎದುರಾಳಿ ಮೈಕೆಲ್ ಡುಕಾಕಿಸ್ ಶೇಕಡಾ 17ರಷ್ಟು ಮುಂದಿದ್ದರು. ಡುಕಾಕಿಸ್ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್, ಎಂದರೆ ಅಲ್ಲಿ ಜನರೇ ಆರಿಸಿದ ಆಡಳಿತಗಾರ. ಆ ರಾಜ್ಯದಲ್ಲಿ ಕೈದಿಗಳಿಗೆ ಕೆಲವು ದಿನ ರಜೆ ಕೊಟ್ಟು ಹೊರಗೆ ಕಳುಹಿಸುವ ಪದ್ಧತಿ ಇತ್ತು. ಹಾಗೆ 1986ರಲ್ಲಿ ಹೊರಹೋದ ಒಬ್ಬ ಕಪ್ಪುವರ್ಣೀಯ ಕೊಲೆ ಅಪರಾಧಿ ಹಿಂದಿರುಗಲಿಲ್ಲ. 1987ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಒಂದು ಮನೆಗೆ ನುಗ್ಗಿ ಯುವಕ ಯುವತಿಯ ಮೇಲೆ ಘೋರ ಅತ್ಯಾಚಾರ, ಹಲ್ಲೆ ನಡೆಸಿದ. ಆ ಅಪರಾಧಿಯ ಹೆಸರನ್ನು ಡುಕಾಕಿಸ್ ಹೆಸರಿಗೆ ಅಂಟಿಸಿಯೇ ತೀರುತ್ತೇನೆಂದು ಆಟ್‌ವಾಟರ್ ಹೇಳಿಕೊಂಡ. ಅವನ ಭಾವಚಿತ್ರವಿದ್ದ ಜಾಹೀರಾತನ್ನು ಬುಷ್ ಬೆಂಬಲಿಗರ ಬೇರೊಂದು ಗುಂಪು ಪ್ರಸಾರ ಮಾಡಿತು. ಪ್ರಚಾರ ತಂಡ ಅದೇ ವಿಷಯದ ಮೇಲೆ ತನ್ನದೊಂದು ಜಾಹೀರಾತು ಮಾಡಿತು. ಬುಷ್ 40 ರಾಜ್ಯಗಳಲ್ಲಿ ಗೆದ್ದರು. 1989ರಲ್ಲಿ ಆಟ್‌ವಾಟರ್ ಪಕ್ಷದ ರಾಷ್ಟ್ರೀಯ ಅಧ್ಯಕ್ಷನಾದ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ಟರ್ನಿಪ್‌ಸೀಡರಿಗೆ ಚಿಕಿತ್ಸೆ ಆಗಿದ್ದದ್ದು ನಿಜ. ಕೈದಿ ಅಪರಾಧ ಮಾಡಿದ್ದೂ ನಿಜ. ಡುಕಾಕಿಸ್ ಆ ಪದ್ಧತಿಯನ್ನು ಸಮರ್ಥಿಸಿದ್ದೂ ನಿಜ. ಆದರೆ ಆ ಪದ್ಧತಿ 1972ರಲ್ಲಿ, ಬುಷ್ ಅವರದೇ ಪಕ್ಷದ ಗವರ್ನರ್ ಕಾಲದಲ್ಲಿ ಪ್ರಾರಂಭವಾದದ್ದು ಎಂಬ ಮಾತು ಜನರ ಕಿವಿಗೆ ಬೀಳಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಒಂದು ಕಪ್ಪು ಮುಖ, ಮನಸ್ಸಿಗೆ ಇಳಿದದ್ದು ಒಂದು ಹಳೆಯ ಭಯ. ಹಾಗಾದರೆ ಸುಳ್ಳನ್ನೇ ಹೇಳದವನು ಎಂಟನೆಯ ದೈವಾಜ್ಞೆಯನ್ನು ಮೀರಿದನೇ?

ಸಂತ ತೋಮಸ್ ಅಕ್ವಿನಾಸರು 'ಸುಮ್ಮಾ ಥಿಯೊಲೊಜಿಯಾ'ದಲ್ಲಿ ಈ ಪ್ರಶ್ನೆಯನ್ನು ವಿಚಾರ ಮಾಡಿದ್ದಾರೆ. ಒಬ್ಬರ ಹೆಸರು ಮೂರು ಬಗೆಯಲ್ಲಿ ಹೋಗಬಹುದು ಎನ್ನುತ್ತಾರೆ ಅವರು. ನಿಜವನ್ನು ನ್ಯಾಯಯುತವಾಗಿ ಹೇಳಿದ್ದರಿಂದ ಹೋದರೆ ಹೇಳಿದವನ ಮೇಲೆ ಋಣವಿಲ್ಲ. ಲಂಚ ತಿಂದವನನ್ನು ಲಂಚಕೋರನೆಂದು ಸೂಕ್ತ ಸ್ಥಳದಲ್ಲಿ ಹೇಳುವುದು ಪಾಪವಲ್ಲ, ಕೆಲವೊಮ್ಮೆ ಕರ್ತವ್ಯವೇ. ಸುಳ್ಳು ಹೇಳಿ ಕೆಡಿಸಿದ್ದರೆ, ತಾನು ಸುಳ್ಳು ಹೇಳಿದೆನೆಂದು ಒಪ್ಪಿಕೊಳ್ಳಬೇಕು. ಮೂರನೆಯದೇ ಕಠಿಣ: ನಿಜವನ್ನೇ ಹೇಳಿ, ಆದರೆ ಹೇಳುವ ಹಕ್ಕಿಲ್ಲದೆ, ಅನ್ಯಾಯವಾಗಿ ಕೆಡಿಸಿದ್ದರೆ? ಆಗಲೂ ಋಣವಿದೆ. ಹೇಳಿದ್ದನ್ನು ಸುಳ್ಳೆನ್ನಲಾಗದು, ಆದರೆ ತಾನು ಮಾಡಿದ್ದು ಅನ್ಯಾಯವೆಂದು ಹೇಳಿ, ಸಾಧ್ಯವಾದಷ್ಟು ಹೆಸರನ್ನು ಹಿಂದಿರುಗಿಸಬೇಕು. ಹುಡುಗನೊಬ್ಬನ ಕಾಯಿಲೆಯನ್ನು ಓಟಿನ ಸಂತೆಗೆ ತಂದು ಗೇಲಿ ಮಾಡಿದ್ದು ಈ ಮೂರನೆಯ ಸಾಲಿಗೆ ಸೇರುತ್ತದೆ.

1990ರ ಮಾರ್ಚ್‌ನಲ್ಲಿ ಆಟ್‌ವಾಟರ್ ಒಂದು ಸಭೆಯಲ್ಲಿ ಕುಸಿದು ಬಿದ್ದ. ಮೆದುಳಿನಲ್ಲಿ ಗಡ್ಡೆ. ವಯಸ್ಸು 39. ಹಾಸಿಗೆ ಹಿಡಿದ ಆ ಮನುಷ್ಯ ಅದೇ ವರ್ಷ ಟರ್ನಿಪ್‌ಸೀಡರಿಗೆ ಪತ್ರ ಬರೆದು, ಹತ್ತು ವರ್ಷಗಳ ಹಿಂದಿನ ಆ ಕೃತ್ಯಕ್ಕೆ ಕ್ಷಮೆ ಕೇಳಿದ. 1991ರ ಫೆಬ್ರವರಿಯ 'ಲೈಫ್' ಪತ್ರಿಕೆಯಲ್ಲಿ ಡುಕಾಕಿಸ್ ವಿರುದ್ಧ ಆಡಿದ ಕ್ರೂರ ಮಾತುಗಳಿಗಾಗಿ ಇಡೀ ದೇಶದ ಮುಂದೆ ಕ್ಷಮೆ ಬೇಡಿದ. ಹಣ, ಅಧಿಕಾರ ಗಳಿಸಿಯೂ ಒಳಗೆ ಬರಿದಾಗಿದ್ದೆ ಎಂದು ಒಪ್ಪಿಕೊಂಡ. ಯೇಸುಸಭೆಯ ಗುರು ಜಾನ್ ಹಾರ್ಡನ್ ಅವರ ನೆರವಿನಿಂದ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದುದಾಗಿಯೂ ಹೇಳಿದ. 1991ರ ಮಾರ್ಚ್ 29ರಂದು ತೀರಿಕೊಂಡ.

ಆದರೆ ಕಥೆಗೆ ಇನ್ನೊಂದು ಮುಖವಿದೆ. 2008ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದ್ದು ಇದು: ಕೊನೆಯ ದಿನಗಳಲ್ಲಿ ಆತ ನೆಚ್ಚಿಕೊಂಡಿದ್ದೆನೆಂದ ಬೈಬಲ್, ಆತನ ಮರಣದ ನಂತರ ಸಿಕ್ಕಾಗ ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಿರಲಿಲ್ಲವಂತೆ. ಪಶ್ಚಾತ್ತಾಪವೂ ಕೊನೆಯ ಪ್ರಚಾರವಾಗಿತ್ತೇ ಎಂದು ಅನುಮಾನಿಸಿದವರು ಇದ್ದಾರೆ.

ಪ್ರಿಯರೇ, ಒಬ್ಬನ ಹೃದಯವನ್ನು ಅಳೆಯುವ ಅಧಿಕಾರ ನಮಗಿಲ್ಲ. ಶಿಲುಬೆಯ ಮೇಲಿನ ಕಳ್ಳನೂ ಬೈಬಲ್ ಓದಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಬಾಯಿ ತೆರೆದ, ಯೇಸುಸ್ವಾಮಿ ಅವನನ್ನು ತಳ್ಳಲಿಲ್ಲ. ಆಟ್‌ವಾಟರನ ಅಂತರಂಗ ದೇವರಿಗೆ ಬಿಟ್ಟದ್ದು. ಆದರೆ ನಮಗೆ ಕಾಣುವ ಒಂದು ಸಂಗತಿ ಇದೆ: ಆತ ಪತ್ರ ಬರೆದ. ಎಲ್ಲರಿಗೂ ಒಟ್ಟಾಗಿ "ತಪ್ಪಾಗಿದ್ದರೆ ಕ್ಷಮಿಸಿ" ಎನ್ನಲಿಲ್ಲ. ಯಾರಿಗೆ ಏನು ಮಾಡಿದೆನೆಂದು ಹೆಸರು ಹಿಡಿದು ಹೇಳಿದ. ಬಹಿರಂಗದಲ್ಲಿ ಆಡಿದ್ದಕ್ಕೆ ಬಹಿರಂಗದಲ್ಲೇ ಕ್ಷಮೆ ಕೇಳಿದ.

1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದನ್ನೇ ಕಲಿಸುತ್ತದೆ. ಪಾಪಕ್ಕೆ ಕ್ಷಮೆ ದೊರೆತ ಮೇಲೂ, ಸತ್ಯ ಮತ್ತು ನ್ಯಾಯಕ್ಕೆ ಆದ ಹಾನಿಯನ್ನು ತುಂಬಿಕೊಡುವ ಹೊಣೆ ಉಳಿಯುತ್ತದೆ. ಜಕ್ಕಾಯ ಕಣ್ಣೀರಿಟ್ಟು ಸುಮ್ಮನಾಗಲಿಲ್ಲ. ಎದ್ದು ನಿಂತು, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಆಟ್‌ವಾಟರನಿಗೆ ನಾಲ್ಕರಷ್ಟು ಕೊಡಲು ಕಾಲವಿರಲಿಲ್ಲ. ಚುನಾವಣೆ ಮುಗಿದಿತ್ತು, ಜನರ ಮನಸ್ಸಿನಲ್ಲಿ ಬಿತ್ತಿದ ಭಯ ಬೇರು ಬಿಟ್ಟಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹಾಗೆಂದು ನಮ್ಮ ಮಕ್ಕಳು ರಾಜಕೀಯದಿಂದ ದೂರವಿರಲಿ ಎಂದು ನಾನು ಹೇಳುತ್ತಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ರಾಜಕೀಯವನ್ನು ಕಷ್ಟದ, ಆದರೆ ಘನವಾದ ಕಲೆ ಎಂದು ಗೌರವಿಸಿ, ಯೋಗ್ಯರು ಅದಕ್ಕೆ ಸಿದ್ಧರಾಗಬೇಕೆಂದು ಕರೆಯಿತು. ನಮ್ಮ ದೇಶದಲ್ಲೂ ಈಗ ಪಕ್ಷಗಳು ಚುನಾವಣಾ ಸಲಹೆಗಾರರನ್ನು ನೇಮಿಸಿಕೊಳ್ಳುತ್ತಿವೆ. ಚುರುಕಾದ ಯುವಕ ಯುವತಿಯರಿಗೆ ಅಲ್ಲಿ ಕೆಲಸವಿದೆ. ನಿಮ್ಮ ಮಗನೋ ಮಗಳೋ ಆ ಕೆಲಸಕ್ಕೆ ಹೊರಟರೆ ತಡೆಯಬೇಡಿ. ಆದರೆ ಒಂದು ಮಾತು ಕೇಳಿರಿ: "ನಿನ್ನ ಸಂಬಳಕ್ಕಾಗಿ ಯಾರ ಹೆಸರು ಬೆಲೆ ತೆರುತ್ತದೆ?" ಕೂಲಿಗೆ ಕೈಯನ್ನು ಕೊಡಬಹುದು, ಬುದ್ಧಿಯನ್ನೂ ಕೊಡಬಹುದು, ಮನಸ್ಸಾಕ್ಷಿಯನ್ನು ಕೂಲಿಗೆ ಕೊಡಲು ಬರುವುದಿಲ್ಲ.

ಇನ್ನು ನಾವು? ಸಂಬಳವಿಲ್ಲದೆಯೇ ಈ ಕೆಲಸ ಮಾಡುವವರು ನಮ್ಮಲ್ಲಿ ಕಡಿಮೆಯೇ? ಧರ್ಮಕೇಂದ್ರದ ಪಾಲನಾ ಸಮಿತಿಯ ಚುನಾವಣೆ, ಸಂಘದ ಪದಾಧಿಕಾರ, ಆಸ್ತಿಯ ಜಗಳ, ಮದುವೆಯ ಸಂಬಂಧ – ಇಂಥ ಕಡೆಗಳಲ್ಲಿ "ಇದ್ದದ್ದನ್ನೇ ಹೇಳಿದೆ" ಎನ್ನುತ್ತಾ ಒಬ್ಬರ ಹಳೆಯ ಕಾಯಿಲೆಯನ್ನೋ, ಮನೆಯ ಗುಟ್ಟನ್ನೋ ಎತ್ತಿ ಆಡುವುದಿಲ್ಲವೇ? ಮೊಬೈಲಿಗೆ ಬಂದ ಸುದ್ದಿಯನ್ನು ನಿಜವೋ ಸುಳ್ಳೋ ನೋಡದೆ ನೂರು ಜನರಿಗೆ ದಾಟಿಸುವುದಿಲ್ಲವೇ?

ಮುಂದಿನ ಸಲ ಪಾಪನಿವೇದನೆಗೆ ಸಿದ್ಧರಾಗುವಾಗ, ಆಡಿದ ಮಾತುಗಳ ಜೊತೆಗೆ ಆ ಮಾತುಗಳಿಂದ ನೊಂದವರನ್ನೂ ನೆನೆಯಿರಿ. ಯಾರ ಬಗ್ಗೆ ಆಡಿದೆ? ಯಾರ ಮುಂದೆ ಆಡಿದೆ? ಅವರ ಮುಂದೆಯೇ ಹೋಗಿ, "ಅಂದು ನಾನು ಹೇಳಿದ್ದು ಅನ್ಯಾಯ" ಎಂದು ಹೇಳಬಲ್ಲೆನೇ? ಆಟ್‌ವಾಟರನ ಕೈಗೆ ಲೇಖನಿ ಬಂದದ್ದು ಮರಣದ ಹಾಸಿಗೆಯಲ್ಲಿ. ನಮಗೆ ದೇವರು ಆರೋಗ್ಯ ಕೊಟ್ಟಿದ್ದಾರೆ, ನೊಂದವರು ಬಹುಶಃ ಪಕ್ಕದ ಬೀದಿಯಲ್ಲೇ ಇದ್ದಾರೆ.