ಹಬ್ಬದ ಹಾಡಿನ ಸಂಗ್ರಹ: ಲಕ್ಷಣ ಮತ್ತು ವಿನಿಯೋಗ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಹೆಂಗಸರು ಬರೆದಿಟ್ಟ ಹಾಡಿನ ಪುಸ್ತಕ, ಹಳೆಯ ಕ್ಯಾಸೆಟ್ಟು, ಈಚಿನ ಮೊಬೈಲ್ ಧ್ವನಿಮುದ್ರಣ ಇವುಗಳಿಂದಾದ ಸ್ವಕೀಯ ಗೀತಸಂಗ್ರಹವು ಇಲ್ಲಿ ವಿಷಯ. ಅದರಲ್ಲಿ ಹಬ್ಬದ ಹಾಡು ಯಾವುದೆಂಬುದು ಸಂಶಯ.

ನಿಯತ ತಿಥಿಯಲ್ಲಿ ನಿಯತ ಕರ್ಮಕ್ಕೆ ಅಂಗವಾದ ಗೀತವೇ ಹಬ್ಬದ ಹಾಡು. ‘ನಿಯತ ತಿಥಿ’ ಎಂದುದರಿಂದ ಮದುವೆಯ ಹಸೆಯ ಹಾಡೂ, ‘ಕರ್ಮಾಂಗ’ ಎಂದುದರಿಂದ ಕೇವಲ ರಂಜನೆಯ ಗೀತವೂ ವ್ಯಾವೃತ್ತವಾಗುತ್ತವೆ.

ಮೀಮಾಂಸಾಶಾಸ್ತ್ರದಲ್ಲಿ ಅಂಗವು ದ್ವಿವಿಧ: ಸನ್ನಿಪತ್ಯೋಪಕಾರಕ, ಆರಾದುಪಕಾರಕ. ಅಂಟಿಗೆ ಪಂಟಿಗೆಯೇ ಇದಕ್ಕೆ ಉತ್ತಮ ನಿದರ್ಶನ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ತಂಡಕ್ಕೆ ವಾದ್ಯವಿಲ್ಲ. ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಬಾಗಿಲು ತೆಗೆಸುವ ಪದ, ಮನೆಯೊಡತಿ ದೀಪಕ್ಕೆ ಎಣ್ಣೆ ಎರೆಯುವಾಗಿನ ಪದ, ಹರಸಿ ಹೊರಡುವ ಪದ ಇವು ಕ್ರಿಯೆಗೆ ನೇರ ಅಂಟಿಕೊಂಡವು, ಆದ್ದರಿಂದ ಸನ್ನಿಪತ್ಯೋಪಕಾರಕ. ಬಲೀಂದ್ರನ ಕಥೆ ಹೇಳುವ ದೀರ್ಘಪದಗಳು ಯಾವುದೊಂದು ಕ್ರಿಯೆಗೂ ಕಟ್ಟುಬೀಳದೆ ಇಡೀ ಹಬ್ಬಕ್ಕೆ ಉಪಕರಿಸುವುದರಿಂದ ಆರಾದುಪಕಾರಕ.

ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಗದ್ದೆಗೆ ಚರಗ ಚೆಲ್ಲುತ್ತ ಕೂಗುವ ಕೂಗು ಹಾಡೋ, ಅಲ್ಲವೋ? ಅದಕ್ಕೆ ತಿಥಿಯುಂಟು, ಕರ್ಮವುಂಟು, ಮಟ್ಟಿಲ್ಲ. ಮಂತ್ರಗಳಲ್ಲಿ ಹಾಡುವ ಸಾಮಕ್ಕೂ ಹಾಡದ ಯಜುಸ್ಸಿಗೂ ಇರುವ ಭೇದವೇ ಇಲ್ಲಿಯದು. ಅದು ಗೀತವಲ್ಲ, ಆದರೂ ಸಂಗ್ರಹದಲ್ಲಿ ಅದಕ್ಕೆ ಸ್ಥಾನವುಂಟು. ಹಬ್ಬದ ವಾಕ್ಕನ್ನು ಉಳಿಸಿಕೊಳ್ಳುವುದೇ ಸಂಗ್ರಹದ ಪ್ರಯೋಜನವಾದುದರಿಂದ.

ಇಲ್ಲಿ ಪೂರ್ವಪಕ್ಷ: ದೀಪಾವಳಿಯ ಹೆಸರೆತ್ತುವ ಹಾಡೆಲ್ಲ ಹಬ್ಬದ ಹಾಡೇ, ಸಿನಿಮಾ ಗೀತೆಯಾದರೂ ‘ದೀಪಾವಳಿ ಹಾಡುಗಳು’ ಎಂಬ ಫೋಲ್ಡರಿನಲ್ಲಿದ್ದರೆ ಸಾಕು. ಇದು ಸಲ್ಲದು. ಜೈಮಿನಿಯು ಮೀಮಾಂಸಾಸೂತ್ರದ 3ನೆಯ ಅಧ್ಯಾಯದಲ್ಲಿ, ಯಾವುದು ಯಾವುದಕ್ಕೆ ಅಂಗವೆಂಬ ವಿನಿಯೋಗಕ್ಕೆ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳನ್ನು ಹೇಳಿ, ವಿರೋಧ ಬಂದಲ್ಲಿ ಹಿಂದಿನದಕ್ಕಿಂತ ಮುಂದಿನದು ದುರ್ಬಲವೆಂದು ನಿರ್ಣಯಿಸಿದ್ದಾನೆ. ಫೋಲ್ಡರಿನ ಹೆಸರು ಸಮಾಖ್ಯೆ, ಎಲ್ಲಕ್ಕಿಂತ ದುರ್ಬಲ. ಹಾಡಿನೊಳಗಿನ ಹಬ್ಬದ ಉಲ್ಲೇಖ ಲಿಂಗ. ‘ಇದು ಎಣ್ಣೆ ಎರೆಯುವಾಗ ಹೇಳುವ ಪದ’ ಎಂಬ ಹಾಡುಗಾರರ ನೇರ ಮಾತೇ ಇಲ್ಲಿ ಶ್ರುತಿಸ್ಥಾನೀಯ. ಅದು ದೊರೆತಲ್ಲಿ, ಸಾಹಿತ್ಯದಲ್ಲಿ ಹಬ್ಬದ ಸೊಲ್ಲೇ ಇಲ್ಲದಿದ್ದರೂ ಹಾಡು ಹಬ್ಬದ್ದೇ.

ಧ್ವನಿಮುದ್ರಣದಲ್ಲಿ ಸ್ವರವೂ ಸಾಹಿತ್ಯವೂ ಪೂರ್ಣವಾಗಿರುವಾಗ ವಿನಿಯೋಗವನ್ನು ಬೇರೆ ಬರೆದಿಡುವುದು ವ್ಯರ್ಥವೆಂದು ಮತ್ತೊಂದು ಆಕ್ಷೇಪ. ಇದು ಬಲವಾದದ್ದು, ಆದರೂ ನಿಲ್ಲದು. ಒಂದೇ ಮಟ್ಟಿನಲ್ಲಿ ಎರಡು ಪದಗಳಿದ್ದರೆ ಕಿವಿಗೆ ಕರ್ಮಭೇದ ತಿಳಿಯದು. ಜಗಲಿಯಲ್ಲಿ ಮುದ್ರಿಸಿದ ಪದವೊಂದರ ಕೊನೆಯಲ್ಲಿ ಬಾಗಿಲಿನ ಅಗುಳಿ ಸರಿದ ಸದ್ದು ಸಿಕ್ಕಿಬಿದ್ದರೆ ‘ಇದು ಬಾಗಿಲ ಪದ’ ಎಂದು ಸ್ಥಾನಪ್ರಮಾಣದಿಂದ ಊಹಿಸಬಹುದು. ಆ ಸದ್ದು ದೊರೆಯುವುದು ಆಕಸ್ಮಿಕ. ಬರೆದ ಒಂದು ಸಾಲು ನಿಶ್ಚಿತ. ಇನ್ನು ಧ್ವನಿಮುದ್ರಿಕೆಯನ್ನು ಹಾಕಿ ಕೇಳಿಸಿದರೆ ಹಬ್ಬದ ಕರ್ಮ ಪೂರ್ಣವಾಗುವುದೋ ಎಂದರೆ, ಇಲ್ಲ. ಅಲ್ಲಿ ಕರ್ತೃವಿಲ್ಲ, ಎಣ್ಣೆ ಪಡೆಯುವ ದೀಪವೂ ಇಲ್ಲ. ಕಲಿಕೆಗೆ ಅದು ಸಾಧನ, ಪ್ರಯೋಗಕ್ಕಲ್ಲ.

ಗೌರಿಹಬ್ಬಕ್ಕೂ ಮದುವೆಗೂ ಒಂದೇ ಆರತಿ ಹಾಡು ಬಂದರೆ? ಒಂದೇ ಖದಿರಯೂಪವು ಕ್ರತುವಿಗೂ ಪುರುಷನ ಕಾಮನೆಗೂ ಸಲ್ಲುವುದು ಸಂಯೋಗಪೃಥಕ್ತ್ವದಿಂದ, ಎಂದರೆ ಎರಡು ವಿಧಿಗಳೊಡನೆ ಅದಕ್ಕೆ ಬೇರೆ ಬೇರೆ ಸಂಬಂಧವಿರುವುದರಿಂದ. ಅದೇ ನ್ಯಾಯದಿಂದ ಈ ಹಾಡನ್ನು ಎರಡು ಕಡೆಯೂ ಬರೆಯಬೇಕು, ಒಂದನ್ನು ಅಳಿಸಬಾರದು.

ಆದ್ದರಿಂದ ಸಿದ್ಧಾಂತ: ಪ್ರತಿ ಹಾಡಿನೊಂದಿಗೆ ತಿಥಿ, ಕರ್ಮ, ಮಟ್ಟು, ಹೇಳಿಕೊಟ್ಟವರ ಊರು ಇವು ನಾಲ್ಕೂ ಇರಬೇಕು. ಈ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ಬಾಗಿಲಿಗೆ ಬಂದಾಗ ಸಂಗ್ರಾಹಕರು ಮುದ್ರಿಸಿಕೊಂಡು ಸುಮ್ಮನಾಗದೆ, ಯಾವ ಪದ ಯಾವುದಕ್ಕೆಂದು ಅವರನ್ನೇ ಕೇಳಿ ಬರೆದುಕೊಳ್ಳತಕ್ಕದ್ದು.