ಕೈಗೂ ಆಗ್ತದಾ?

ಕಳೆದ ಡಿಸೆಂಬರಿನ ಒಂದು ಸಂಜೆ ಅಮ್ಮನ ಮಾತ್ರೆಗೆಂದು ಮೂಡಿಗೆರೆ ಪೇಟೆಯ ಔಷಧದಂಗಡಿಗೆ ಹೋಗಿದ್ದೆ. ಅರೇಬಿಕಾ ಕೊಯ್ಲಿನ ದಿನಗಳು. ತೋಟದ ಕೆಲಸ ಬಿಟ್ಟು ಬಂದವರು, ಬಸ್ಸಿಗೆ ಕಾದವರು, ಎಲ್ಲರೂ ಅಲ್ಲೇ ಸೇರಿದ್ದರು. ನನ್ನ ಮುಂದೆ ನಿಂತಿದ್ದ ಕಾಲೇಜು ಹುಡುಗಿ ಹಸಿರು ಬಣ್ಣದ ವಿಟಮಿನ್ ಇ ಕ್ಯಾಪ್ಸೂಲಿನ ಒಂದು ಶೀಟು ಕೊಂಡಳು. ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ಕಾಯುತ್ತಿದ್ದ ಹಿರಿಯ ಹೆಂಗಸು ಅದನ್ನು ನೋಡಿ, ‘ಹುಷಾರಿಲ್ವಾ ಮಗಾ, ಯಾತರ ಗುಳಿಗೆ ಅದು?’ ಎಂದು ಕೇಳಿದರು. ‘ತಿನ್ನೋಕಲ್ಲಮ್ಮ, ಮುಖಕ್ಕೆ ಹಚ್ಚೋಕೆ. ಸೂಜೀಲಿ ಚುಚ್ಚಿದ್ರೆ ಒಳಗೆ ಎಣ್ಣೆ ಇರ್ತದೆ. ರಾತ್ರಿ ಹಚ್ಚಿ ಮಲಗಿದ್ರೆ ಚರ್ಮ ಮೆತ್ತಗಾಗ್ತದೆ’ ಎಂದಳು ಹುಡುಗಿ. ಹಿರಿಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಎರಡೂ ಕೈಗಳನ್ನು ಅಂಗಡಿಯ ಗಾಜಿನ ಮೇಲೆ ಬೋರಲಾಗಿ ಇಟ್ಟು, ‘ಕೈಗೂ ಆಗ್ತದಾ?’ ಎಂದರು.

ಕಾಫಿ ಹಣ್ಣಿನ ಅಂಟು ಒಣಗಿ ಕಪ್ಪಾದ ಬೆರಳುಗಳು. ಉಗುರಿನ ಸುತ್ತ ಸೀಳು, ಹೆಬ್ಬೆರಳ ಬುಡದಲ್ಲಿ ಬಿರುಕು. ಅಷ್ಟರಲ್ಲಿ ಹುಡುಗಿಯ ಬಸ್ಸು ಬಂತು, ಹಿರಿಯಾಕೆಯ ಔಷಧಿಯೂ ಬಂತು. ಗದ್ದಲದಲ್ಲಿ ಉತ್ತರ ಯಾರೂ ಹೇಳಲಿಲ್ಲ. ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು.

ಈಗ ನಿಧಾನವಾಗಿ ಯೋಚಿಸಿದರೆ ಅನ್ನಿಸುತ್ತದೆ: ಆಗುತ್ತದೆ, ಅಷ್ಟೇ ಅಲ್ಲ, ಮೊದಲು ಆಗಬೇಕಾದದ್ದು ಕೈಗೇ. ನಮ್ಮ ಮುಖದ ಚರ್ಮದಲ್ಲಿ ಜಿಡ್ಡು ಸ್ರವಿಸುವ ಸಣ್ಣ ಗ್ರಂಥಿಗಳು ಒತ್ತೊತ್ತಾಗಿವೆ. ಆ ಜಿಡ್ಡಿನ ಜೊತೆಯಲ್ಲೇ ಒಂದಿಷ್ಟು ವಿಟಮಿನ್ ಇ ಕೂಡ ಒಳಗಿನಿಂದ ಚರ್ಮದ ಮೇಲಕ್ಕೆ ಬರುತ್ತದೆ. ಅಂಗೈಯಲ್ಲೂ ಅಂಗಾಲಿನಲ್ಲೂ ಈ ಗ್ರಂಥಿಗಳೇ ಇಲ್ಲ. ಚಳಿಗಾಲದಲ್ಲಿ ಹಿಮ್ಮಡಿ ಒಡೆಯುವುದು, ಅಂಗೈ ಕೊರಡಿನಂತಾಗುವುದು ಇದೇ ಕಾರಣಕ್ಕೆ. ದಿನವಿಡೀ ಕನ್ನಡಿಯಲ್ಲಿ ನೋಡಿಕೊಳ್ಳುವ ಮುಖಕ್ಕೆ ಹುಟ್ಟಿನಿಂದಲೇ ಎಣ್ಣೆಯ ಅನುಕೂಲವಿದೆ; ದಿನವಿಡೀ ದುಡಿಯುವ ಕೈಗೆ ಎಣ್ಣೆಯನ್ನು ಹೊರಗಿನಿಂದಲೇ ಕೊಡಬೇಕು. ಆ ತಾಯಿ ಕೇಳಿದ್ದು ಶಾಸ್ತ್ರ ಓದಿದವರು ಕೇಳಬೇಕಾದ ಪ್ರಶ್ನೆಯನ್ನೇ.

ಈ ವಿಟಮಿನ್ನಿನ ಕಥೆಯೂ ಮುಖದ ಕಾಂತಿಯಿಂದ ಶುರುವಾದದ್ದಲ್ಲ. 1922ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರಿನ್ ಸ್ಕಾಟ್ ಬಿಷಪ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳನ್ನು ಸಾಕಿ ನೋಡುತ್ತಿದ್ದರು. ಶುದ್ಧ ಮಾಡಿದ ಆಹಾರ ತಿಂದ ಇಲಿಗಳು ಚೆನ್ನಾಗಿಯೇ ಬೆಳೆದವು, ಆದರೆ ಬಸಿರು ನಿಲ್ಲುತ್ತಿರಲಿಲ್ಲ. ಹಸಿರು ಸೊಪ್ಪನ್ನೋ ಗೋಧಿಯ ಮೊಳಕೆಯ ಭಾಗವನ್ನೋ ಸೇರಿಸಿ ಕೊಟ್ಟರೆ ನಿಲ್ಲುತ್ತಿತ್ತು. ಹದಿನಾಲ್ಕು ವರ್ಷದ ಮೇಲೆ, 1936ರಲ್ಲಿ, ಗೋಧಿ ಮೊಳಕೆಯ ಎಣ್ಣೆಯಿಂದ ಆ ಸಾರವನ್ನು ಬೇರ್ಪಡಿಸಿ ‘ಟೊಕೊಫೆರಾಲ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಟೊಕೊಸ್’ ಎಂದರೆ ಹೆರಿಗೆ, ‘ಫೆರೊ’ ಎಂದರೆ ಹೊರುವುದು. ಹೆರಿಗೆಯನ್ನು ಹೊತ್ತು ದಡ ಸೇರಿಸುವಂಥದ್ದು ಎಂದು ಅರ್ಥ. ಇವತ್ತು ಸೌಂದರ್ಯದ ಡಬ್ಬಿಯಲ್ಲಿ ಕೂತಿರುವ ವಸ್ತುವಿಗೆ ಹುಟ್ಟಿನಲ್ಲಿ ಸಿಕ್ಕಿದ್ದು ತಾಯಿಯ ಹೆಸರು.

ಗಿಡಗಳು ಇದನ್ನು ಬಹಳ ಮೊದಲೇ ಬಲ್ಲವು. ಬೀಜದೊಳಗಿನ ಎಣ್ಣೆ ಮೊಳಕೆಯೊಡೆಯುವವರೆಗೆ ಕಮಟಾಗದೆ ಉಳಿಯಬೇಕಲ್ಲ, ಅದಕ್ಕೆ ಬೀಜವೇ ಇಟ್ಟುಕೊಂಡ ಕಾವಲು ಟೊಕೊಫೆರಾಲ್. ಬಾದಾಮಿ, ಕಡಲೆಕಾಯಿ, ಸೂರ್ಯಕಾಂತಿ ಬೀಜಗಳಲ್ಲಿ ಅದು ಧಾರಾಳ. ನಮ್ಮ ಕಣದಲ್ಲಿ ಒಣಗುವ ಕಾಫಿ ಬೀಜದ ಎಣ್ಣೆಯಲ್ಲೂ ಇದೆ. ಕಾಯುವ ರೀತಿಯನ್ನು ಮಲೆನಾಡಿನವರಿಗೆ ಹೇಳುವುದು ಸುಲಭ. ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಒಂದು ತೆಂಡೆಯಿಂದ ಇನ್ನೊಂದಕ್ಕೆ ಹತ್ತಿ ಇಡೀ ಗುಡ್ಡ ಉರಿಯುತ್ತದೆ. ಅದಕ್ಕೇ ಅರಣ್ಯದವರು ಚಳಿಗಾಲ ಮುಗಿಯುವ ಮೊದಲು ಒಂದು ಪಟ್ಟಿಯಷ್ಟು ಹುಲ್ಲನ್ನು ತಾವೇ ಸುಟ್ಟು ಬೆಂಕಿ ರೇಖೆ ಮಾಡುತ್ತಾರೆ. ಉರಿ ಅಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮ ಚರ್ಮದ ಜೀವಕೋಶಗಳ ಪೊರೆಯಲ್ಲೂ ಕೊಬ್ಬಿನ ಕಣಗಳು ಹುಲ್ಲಿನ ಹಾಗೆ ಒತ್ತಾಗಿವೆ. ಬಿಸಿಲು, ಹೊಗೆಗಳಿಂದ ಹುಟ್ಟುವ ಫ್ರೀ ರ್‍ಯಾಡಿಕಲ್ ಎಂಬ ಕಿಡಿ ಒಂದಕ್ಕೆ ತಾಗಿದರೆ ಸಾಲಿಗೆ ಸಾಲೇ ಕೆಡುತ್ತದೆ. ವಿಟಮಿನ್ ಇ ನಡುವೆ ನಿಂತು ತನ್ನಲ್ಲಿರುವ ಒಂದು ಹೈಡ್ರೋಜನ್ ಪರಮಾಣುವನ್ನು ಕೊಟ್ಟು ಕಿಡಿಯನ್ನು ಆರಿಸುತ್ತದೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದು ನಾವು ಹೇಳುತ್ತೇವಲ್ಲ, ಇಲ್ಲಿ ಎಣ್ಣೆಯೊಳಗೇ ಕೂತು ಕಾಯುವ ಕಾವಲುಗಾರ.

ಹಾಗೆಂದು ಇದನ್ನು ಸಂಜೀವಿನಿ ಎಂದುಕೊಳ್ಳಬಾರದು. ಗಾಯದ ಕಲೆ ಹೋಗುತ್ತದೆಂದು ಹಚ್ಚುವವರು ಬಹಳ. 1999ರಲ್ಲಿ ಪ್ರಕಟವಾದ ಮಯಾಮಿಯ ವೈದ್ಯರ ಒಂದು ಸಣ್ಣ ಅಧ್ಯಯನದಲ್ಲಿ ಹದಿನೈದು ಜನರ ಶಸ್ತ್ರಚಿಕಿತ್ಸೆಯ ಕಲೆಯ ಅರ್ಧಕ್ಕೆ ಸಾದಾ ಮುಲಾಮು, ಇನ್ನರ್ಧಕ್ಕೆ ವಿಟಮಿನ್ ಇ ಬೆರೆಸಿದ ಮುಲಾಮು ಹಚ್ಚಿ ನೋಡಿದರು. ನೂರಕ್ಕೆ ತೊಂಬತ್ತು ಪಾಲು ಪ್ರಯೋಜನ ಕಾಣಲಿಲ್ಲ, ಕೆಲವರಲ್ಲಿ ಕಲೆ ಇನ್ನೂ ಎದ್ದು ಕಂಡಿತು. ಮೂವರಲ್ಲಿ ಒಬ್ಬರಿಗೆ ಚರ್ಮ ಕೆಂಪಾಗಿ ತುರಿಸತೊಡಗಿತು. ಆದ್ದರಿಂದ ಹಚ್ಚುವವರು ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಒಂದು ಹನಿ ಹಚ್ಚಿ ಎರಡು ದಿನ ಕಾಯಬೇಕು. ತುರಿಕೆ, ಗುಳ್ಳೆ ಏನೂ ಆಗದಿದ್ದರೆ ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಮೂರು ಹನಿ ಸಾಕು. ರಾತ್ರಿ ಕೈಕಾಲು ತೊಳೆದು, ಚರ್ಮದಲ್ಲಿ ಇನ್ನೂ ತೇವವಿರುವಾಗಲೇ ತೀಡಿದರೆ ನೀರಿನ ಪಸೆ ಒಳಗೇ ಉಳಿಯುತ್ತದೆ. ಮುಖದಲ್ಲಿ ಮೊಡವೆ ಏಳುವವರಿಗೆ ಈ ಮಂದ ಎಣ್ಣೆ ಒಗ್ಗುವುದಿಲ್ಲ. ಹಸಿ ಗಾಯಕ್ಕೆ ಬೇಡ. ವೈದ್ಯರು ಹೇಳದೆ ಗುಳಿಗೆಯನ್ನು ನುಂಗುವುದಂತೂ ಬೇಡ, ರಕ್ತ ತಿಳಿ ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ಟೊಕೊಫೆರಿಲ್ ಅಸಿಟೇಟ್ ಎಂಬ ರೂಪ. ಚರ್ಮ ಅದನ್ನು ನಿಧಾನವಾಗಿ ತನಗೆ ಬೇಕಾದ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಅವಸರದ ಫಲ ಇಲ್ಲಿಲ್ಲ.

ಬಿಸಿಲಿಗೂ ಇದು ಕೊಡೆಯಲ್ಲ. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ನಮ್ಮ ಮಲೆನಾಡಿನ ಎತ್ತರದಲ್ಲಿ ಗಾಳಿ ತಂಪಾಗಿರುವುದರಿಂದ ಅದು ನಮಗೆ ಗೊತ್ತಾಗುವುದಿಲ್ಲ, ಅಷ್ಟೆ. ಕಾಫಿ ಗಿಡಕ್ಕೆ ಬಿಸಿಲು ತಾಗಬಾರದೆಂದು ಅತ್ತಿ, ಬಸರಿ, ಹಲಸು, ಸಿಲ್ವರ್ ಓಕ್‌ಗಳ ನೆರಳನ್ನು ಎಷ್ಟು ಲೆಕ್ಕ ಹಾಕಿ ಕಾಪಾಡುತ್ತೇವೆ! ಕೊಯ್ಯುವವರಿಗೂ ಗಿಡದ ಅಡಿ ಆ ನೆರಳಿದೆ. ಆದರೆ ಕಣದಲ್ಲಿ ನಿಂತು ಹಣ್ಣು ಹರಡುವವರಿಗೆ, ದಿನಕ್ಕೆ ಹತ್ತು ಸಲ ಬೀಜ ಕೈಯಾಡಿಸುವವರಿಗೆ ಅದಿಲ್ಲ. ಅವರ ತಲೆಗೊಂದು ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ಯಾವ ಎಣ್ಣೆಗಿಂತಲೂ ಮೊದಲಿನದು.

ನಮ್ಮ ಹಿರಿಯರ ಬಳಿ ಗುಳಿಗೆಯಿರಲಿಲ್ಲ, ಅರಿವಿತ್ತು. ಪುನರ್ಪುಳಿಯ ಬೀಜ, ಉಪ್ಪಾಗೆಯ ಬೀಜಗಳನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ತುಪ್ಪ ಮಲೆನಾಡಿನ ಎಷ್ಟೋ ಅಡುಗೆಮನೆಗಳ ಗೂಡಿನಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು. ಒಲೆಯ ಮುಂದೆ ಕಾಲು ಚಾಚಿ, ಅದನ್ನು ಕೆಂಡದ ಬಿಸಿಗೆ ಕರಗಿಸಿ ಒಡೆದ ಹಿಮ್ಮಡಿಗೆ ತುಂಬುತ್ತಿದ್ದರು. ಮಳೆಗಾಲದ ಕೆಸರುಹುಣ್ಣಿಗೆ, ಅಡಿಕೆ ಸುಲಿದು ಚೊಗರು ಹಿಡಿದ ಬೆರಳಿಗೆ, ಚಳಿಗೆ ಸೀಳಿದ ತುಟಿಗೆ, ಎಲ್ಲಕ್ಕೂ ಮನೆಯ ಎಣ್ಣೆ ಇತ್ತು. ವಾಗ್ಭಟನ ಅಷ್ಟಾಂಗಹೃದಯ ಅಭ್ಯಂಗವನ್ನು ನಿತ್ಯದ ಆಚಾರವೆಂದೇ ಹೇಳಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆನ್ನುತ್ತದೆ. ಅಲಂಕಾರಕ್ಕೆ ಮುಖ ಮೊದಲಾಗಬಹುದು, ಆರೈಕೆಗೆ ಪಾದವೂ ಮೊದಲೇ.

ವಿಟಮಿನ್ ಇ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ನಿಂತ ಸಂಗತಿ ಇನ್ನೊಂದಿದೆ. ಕಿಡಿ ಆರಿಸಿದ ಮೇಲೆ ಅದು ಸೋತಿರುತ್ತದೆ. ಮತ್ತೆ ಕಾಯುವ ಶಕ್ತಿ ಅದಕ್ಕಿರುವುದಿಲ್ಲ. ಆಗ ನೆಲ್ಲಿಕಾಯಿಯಲ್ಲಿ, ನಿಂಬೆಯಲ್ಲಿ ಇರುತ್ತದಲ್ಲ, ಆ ವಿಟಮಿನ್ ಸಿ ಬಂದು ಅದನ್ನು ಮೊದಲಿನಂತೆ ಮಾಡುತ್ತದೆ. ಒಂದು ಎಣ್ಣೆಯಲ್ಲಿ ಕರಗುವಂಥದ್ದು, ಇನ್ನೊಂದು ನೀರಿನಲ್ಲಿ. ವಾಸ ಬೇರೆ, ಸ್ವಭಾವ ಬೇರೆ. ಗಡಿಯಲ್ಲಿ ಸಿಕ್ಕಾಗ ಒಂದಕ್ಕೊಂದು ಕೈಕೊಡುತ್ತವೆ. ಕಾಯುವವರನ್ನೂ ಯಾರಾದರೂ ಕಾಯಬೇಕು ಎಂಬುದು ಜೀವಕೋಶದೊಳಗೇ ಬರೆದಿಟ್ಟ ಧರ್ಮ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಎಣ್ಣೆ ಹಚ್ಚಿ ನೀರೆರೆದು, ಕೊನೆಗೆ ಆರಿದ ನೀರಿನಲ್ಲಿ ತಾನು ಮಿಂದು ಬರುವವರು ಯಾರು, ಅವರ ಕೈಯನ್ನು ನಾವು ಕಡೆಯ ಸಲ ಹಿಡಿದು ನೋಡಿದ್ದು ಯಾವಾಗ ಎಂದು ಒಮ್ಮೆ ನೆನೆದುಕೊಂಡರೆ ಈ ಧರ್ಮಕ್ಕೆ ಬೇರೆ ವ್ಯಾಖ್ಯಾನ ಬೇಡ.

ನಮ್ಮದು ಮೂರು ಎಕರೆಯ ತೋಟ. ಈ ಸಲ ಕೊಯ್ಲು ಶುರುವಾದಾಗ ಕಣದ ನಲ್ಲಿಯ ಪಕ್ಕ ಸೋಪು, ಒಂದು ಹಂಡೆ ಬಿಸಿನೀರು, ಒಂದು ಬಾಟಲಿ ಕೊಬ್ಬರಿ ಎಣ್ಣೆ ಇಟ್ಟೆವು. ಕೈಗವಸೂ ತಂದೆವು, ಹಣ್ಣು ಬೆರಳಿಗೆ ತಾಗದಿದ್ದರೆ ಬಿಡಿಸುವುದು ನಿಧಾನವಾಗುತ್ತದೆ ಎಂದು ಕೆಲವರು ತೆಗೆದಿಟ್ಟರು. ಕೆ.ಜಿ. ಲೆಕ್ಕದ ಕೂಲಿಯಲ್ಲಿ ನಿಧಾನಕ್ಕೂ ಬೆಲೆಯಿದೆ, ಆದ್ದರಿಂದ ಒತ್ತಾಯಿಸಲಿಲ್ಲ. ಆದರೆ ಸಂಜೆ ತೂಕ ಮುಗಿದ ಮೇಲೆ ನಲ್ಲಿಯ ಹತ್ತಿರ ಎಲ್ಲರೂ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಬಾಟಲಿ ಕೈಯಿಂದ ಕೈಗೆ ಹೋಗುತ್ತದೆ. ಆ ಹತ್ತು ನಿಮಿಷ ಕಣದಲ್ಲಿ ಮಾತು ಮೆತ್ತಗಿರುತ್ತದೆ.

ಔಷಧದಂಗಡಿಯಲ್ಲಿ ಕಂಡ ಆ ತಾಯಿ ಮತ್ತೆ ಸಿಕ್ಕಿಲ್ಲ. ಸಿಕ್ಕರೆ ಹೇಳಬೇಕಾದ ಉತ್ತರ ನನಗೆ ತಿಳಿದದ್ದು ನಮ್ಮ ಒಲೆಯ ಮುಂದೆ. ಮೊನ್ನೆ ರಾತ್ರಿ ಅಮ್ಮನ ಕೈಗೆ ಎಣ್ಣೆ ತೀಡಲು ಕೂತೆ. ‘ಎಂಬತ್ತು ವರ್ಷದ ಕೈಗೆ ಇನ್ನೆಂಥ ಆರೈಕೆ, ಬಿಡು’ ಎಂದು ಕೈ ಹಿಂದಕ್ಕೆಳೆದುಕೊಂಡರು. ನಾನು ಬಿಡಲಿಲ್ಲ. ಹುಲ್ಲು ಹೊತ್ತ, ಕಾಫಿ ಬಿಡಿಸಿದ, ಅಡಿಕೆ ಸುಲಿದ, ನಮ್ಮನ್ನೆಲ್ಲ ಎತ್ತಿ ಆಡಿಸಿದ ಕೈ. ಒಂದೊಂದೇ ಬೆರಳಿಗೆ ತೀಡುತ್ತ ಹೋದೆ. ಮುಗಿದ ಮೇಲೆ ಒರೆಸಿಕೊಳ್ಳಲು ಬಟ್ಟೆ ಹುಡುಕಿದಾಗ ಅಮ್ಮ ನನ್ನ ಅಂಗೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ‘ಒರೆಸಬೇಡ. ನನಗೆ ಹಚ್ಚಿದ್ರಲ್ಲಿ ನಿನ್ನ ಕೈಗೂ ಆಯ್ತು ನೋಡು’ ಎಂದರು.