ಕಾಗದದ ನೇಯ್ಗೆ ಮತ್ತು ಸತ್ಯ

ಮಗುವಿನ ಕೈಕೆಲಸದಲ್ಲಿ ತಪ್ಪು ಕಂಡಾಗ ಗುರುವು ಅದನ್ನು ತಾನೇ ತಿದ್ದಬಹುದೇ? ಪ್ರದರ್ಶನದ ದಿನ ಸಮೀಪಿಸಿದಂತೆ ನಮ್ಮ ಸಾಂಗಲಿ-ಮಿರಜ ಭಾಗದ ಶಿಕ್ಷಕರಲ್ಲಿ ಈ ಪ್ರಶ್ನೆ ಏಳುವುದು ಸಹಜ.

ಕಾಗದದ ಪಟ್ಟಿಗಳ ನೇಯ್ಗೆಯನ್ನೇ ನೋಡಿರಿ. ಅಂಚು ಉಳಿಸಿ ಉದ್ದಕ್ಕೆ ಸೀಳಿದ ಹಾಳೆಯೇ ಹಾಸು. ಅಡ್ಡಲಾಗಿ ತೂರಿಸುವ ಬಣ್ಣದ ಪಟ್ಟಿಯೇ ಹೊಕ್ಕು. ಮೊದಲ ಪಟ್ಟಿ ಮೇಲೆ ಹೋದೆಡೆ ಎರಡನೆಯದು ಕೆಳಗೆ ಹೋಗಬೇಕು. ತಪ್ಪಿದರೆ ಚೌಕಳಿ ಕೆಡುವುದು. ಮಿರಜದಲ್ಲಿ ತಂಬೂರಿ ಮಾಡುವ ಕುಶಲಿಗೆ ನಾದವು ಹೇಗೋ, ಮಗುವಿಗೆ ಈ ಚೌಕಳಿ ಹಾಗೆ. ತಪ್ಪನ್ನು ಅದೇ ತೋರಿಸುತ್ತದೆ.

1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗಿನಲ್ಲಿ ಶಿಶುಶಾಲೆ ತೆರೆದ ಫ್ರೊಬೆಲನು ಇದನ್ನು ಮಕ್ಕಳ ಕೈಕೆಲಸಗಳಲ್ಲಿ ಸೇರಿಸಿದನು. 1937ರ ವಾರ್ಧಾ ಸಮ್ಮೇಳನವು ಕೈಕಸಬನ್ನು ಶಿಕ್ಷಣದ ಕೇಂದ್ರದಲ್ಲಿರಿಸಿತು. ಕೈಯ ಮೂಲಕ ಬುದ್ಧಿ ಬೆಳೆಯಲೆಂಬುದೇ ಎರಡೆಡೆಯ ಆಶಯ.

ವಕ್ರವಾದ ಚಾಪೆಯಿಂದ ಮಗುವಿಗೆ ಅವಮಾನವಾಗದೇ ಎಂದು ಕೆಲವರು ಕೇಳಬಹುದು. ಆದರೆ ಗುರುವು ಗುಟ್ಟಾಗಿ ತಿದ್ದಿದ ಚಾಪೆಯ ಕೆಳಗೆ ಮಗುವಿನ ಹೆಸರು ಬರೆದರೆ ಅದು ಸುಳ್ಳು. ಬೇರಾರು ಅರಿಯದಿದ್ದರೂ ಮಗು ಅರಿಯುತ್ತದೆ. "ಈ ಸಾಲನ್ನು ಮೇಲಿನ ಸಾಲಿನೊಡನೆ ಹೋಲಿಸಿ ನೋಡಪ್ಪಾ" ಎಂದು ಹೇಳಿ ಕಾಯುವುದೇ ಗುರುಧರ್ಮ. ಬಿಚ್ಚಿ ಮತ್ತೆ ನೇಯಲು ಒಂದು ಗಳಿಗೆ ಹೆಚ್ಚು ಬೇಕು. ಸತ್ಯವು ಬಾಳಿನಲ್ಲಿ ಹಾಸುಹೊಕ್ಕಾಗುವುದು ಆ ಗಳಿಗೆಯಲ್ಲಿಯೇ.